ಅಲೆಯವರಿಗೆ ರಜೆ

ಉಪ್ಪುಗಾಳಿಗೆ ತುಕ್ಕು ಹಿಡಿಯದಿರಲೆಂದು ಗುಲಾಬಿ ಬೀಗ ಬಿದ್ದ ತನ್ನ ಅಲೆಚಕ್ರಕ್ಕೆ ಎಣ್ಣೆ ಹಚ್ಚುತ್ತಿದ್ದಳು. ಸಮುದ್ರ ಅಲುಗಾಡುವುದನ್ನು ಬಿಟ್ಟದ್ದು ಅವಳ ಅಜ್ಜಿಯ ಕಾಲದಲ್ಲಿ. ಅಂದಿನಿಂದ ದಡದ ಹೆಂಗಸರೇ ಸ್ವಂತ ಚಕ್ರ ಇಟ್ಟುಕೊಂಡು, ಬಂದರಿನ ಕಂಪನಿಗೆ ಗುತ್ತಿಗೆಯ ಮೇಲೆ ಅಲೆ ಎಬ್ಬಿಸುತ್ತಿದ್ದರು. ಈಗ ಕಂಪನಿ ತಿಂಗಳ ಕೊನೆಯವರೆಗೆ ಕೂಲಿಯಿಲ್ಲದ ರಜೆ ಹೇರಿ, ಚಕ್ರಗಳಿಗೆಲ್ಲ ಬೀಗ ಜಡಿದಿತ್ತು. ಸಮುದ್ರ ತಣಿದ ಗಂಜಿಯ ಹಾಗೆ ಬಿದ್ದುಕೊಂಡಿತ್ತು.

ಅಷ್ಟರಲ್ಲಿ ಅವಳ ಪಾದಕ್ಕೆ ನೀರು ತಾಗಿತು.

"ಸರಸಕ್ಕ, ಯಾರೋ ಕದ್ದು ತಿರುಗಿಸ್ತಿದ್ದಾರೆ!"

"ಕೂಲಿ ಇಲ್ಲದೆ ದುಡಿಯೋ ಪುಣ್ಯಾತ್ಗಿತ್ತಿ ಯಾರು ಮಾರಾಯ್ತಿ?" ಪಕ್ಕದ ಚಕ್ರದ ಸರಸ ನಕ್ಕಳು.

ಇಬ್ಬರೂ ದಡದುದ್ದಕ್ಕೂ ನಡೆದು ನೋಡಿದರು. ಬೀಗಗಳ ಮೇಲೆ ಜೇಡ ನೇಯ್ದ ಬಲೆ ಕೂಡ ಹರಿದಿರಲಿಲ್ಲ.

ಆಗ ದೂರದಲ್ಲಿ ನೀರು ತಾನಾಗಿ ಎದ್ದಿತು. ಯಾವ ಚಕ್ರವೂ ಎಬ್ಬಿಸಲಾರದಷ್ಟು ಎತ್ತರಕ್ಕೆ ಎದ್ದು, ಒಳಗೆ ಹಸಿರು ಬೆಳಕು ತುಂಬಿಕೊಂಡು ಬಂದು, ದಡವೆಲ್ಲ ನಡುಗುವಂತೆ ಒಡೆಯಿತು.

ಸರಸ ಕೈಮುಗಿದಳು. "ಇನ್ನು ನಮ್ಮನ್ನು ಯಾರು ಕರೀತಾರೆ ಗುಲಾಬಿ?"

ಗುಲಾಬಿಯ ಮೈಯೆಲ್ಲ ಜುಮ್ಮೆಂದಿತ್ತು. ಇಷ್ಟು ಚೆಂದದ್ದನ್ನು ಅವಳು ಹುಟ್ಟಿದ ಮೇಲೆ ಕಂಡಿರಲಿಲ್ಲ. ಮುಂದಿನ ಅಲೆ ಆಗಲೇ ಏಳುತ್ತಿತ್ತು. ಅವಳು ಮೊಣಕಾಲಿನವರೆಗೆ ನೀರಿಗಿಳಿದು ಮೆಲ್ಲಗೆ ಹೇಳಿದಳು:

"ಅಮ್ಮಾ, ಸ್ವಲ್ಪ ಸುಮ್ಮನಿರು. ಕಂಪನಿಯವರು ನೋಡಿಬಿಡ್ತಾರೆ."