ಮಹಾನಂದಕ್ಕನ ಟೆರೇಸ್ ತೋಟ

ಅಡುಗೆ, ಊಟ ಮುಗಿಸಿ ಕೂತಿದ್ದರೆ ಇದನ್ನೊಮ್ಮೆ ಓದಿ... ನಮ್ಮ ಹುಬ್ಬಳ್ಳಿಯ ಒಂದು ಓಣಿಯಲ್ಲಿ ನಡೆದದ್ದು.

ಕಸ್ತೂರಿ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಕೆಳಗಿನ ಬಾಡಿಗೆ ಮನೆ ಅವಳದು.

ಮೇಲಿನ ಮನೆಯಲ್ಲಿ ಮಹಾನಂದಕ್ಕ, ಅವರ ಗಂಡ ಈರಣ್ಣ... ಇಬ್ಬರೇ.

ಮಹಾನಂದಕ್ಕ ಟೆರೇಸ್ ಮೇಲೆ ಹಳೆಯ ಪೇಂಟ್ ಡಬ್ಬಿ, ಸಿಮೆಂಟ್ ಚೀಲಗಳಲ್ಲಿ ಮಣ್ಣು ತುಂಬಿ ಪುಟ್ಟ ತೋಟ ಮಾಡಿದ್ದರು. ಹುಳಿ ಹುಳಿ ಪುಂಡಿ ಸೊಪ್ಪು, ಮೆಂತ್ಯ, ಕೊತ್ತಂಬರಿ, ಒಂದಿಷ್ಟು ಟೊಮೆಟೊ...

ಸೊಪ್ಪು ಕೈಗೆ ಬಂದಾಗಲೆಲ್ಲ ಒಂದು ಕಟ್ಟು ಕಸ್ತೂರಿಯ ಬಾಗಿಲಿಗೆ ಬರುತ್ತಿತ್ತು. ಮರುದಿನ ಮೆಟ್ಟಿಲ ಹತ್ತಿರ ಸಿಕ್ಕರೆ ಮಹಾನಂದಕ್ಕ ತಪ್ಪದೆ ಕೇಳುತ್ತಿದ್ದರು... "ಪಲ್ಲೆ ಹೆಂಗಾಗಿತ್ತವಾ?"

"ಭಾಳ ಚಲೋ ಆಗಿತ್ರಿ ಅಕ್ಕಾರ" ಎಂದು ಕಸ್ತೂರಿ ಓಡುತ್ತಲೇ ಹೇಳುತ್ತಿದ್ದಳು.

ನಿಜ ಏನೆಂದರೆ, ಅವಳು ಅದನ್ನು ಒಲೆಗೇ ಏರಿಸುತ್ತಿರಲಿಲ್ಲ.

ದಿನವಿಡೀ ದುಡಿದು ಬಂದವಳಿಗೆ ಸೊಪ್ಪು ಬಿಡಿಸುತ್ತ ಕೂರುವ ತಾಳ್ಮೆ ಎಲ್ಲಿಂದ ಬರಬೇಕು... ಎಲೆಯಲ್ಲಿ ಒಂದು ಹುಳು ಕಂಡರೆ ಮುಗಿಯಿತು. ಕಟ್ಟು ಬಿಚ್ಚದೆ ಓಣಿಯ ದನದ ಮುಂದೆ ಹಾಕಿ ಬರುತ್ತಿದ್ದಳು.

ಮಹಾನಂದಕ್ಕ ದಿನೇ ದಿನೇ ಸೊರಗುತ್ತಿದ್ದರು. ಕಾಲು ಬಾತಿರುತ್ತಿತ್ತು. ಶುಗರ್ ಇರಬೇಕು ಅಂದುಕೊಂಡಳೇ ಹೊರತು ಕಸ್ತೂರಿ ಯಾವತ್ತೂ ವಿಚಾರಿಸಲಿಲ್ಲ.

ಒಂದು ಭಾನುವಾರ ಅವಳ ಮನೆಗೆ ಹೇಳದೆ ಕೇಳದೆ ನೆಂಟರು ಬಂದರು. ಮನೆಯಲ್ಲಿ ಬೇರೆ ತರಕಾರಿ ಇರಲಿಲ್ಲ. ಹಿಂದಿನ ಸಂಜೆ ಬಂದಿದ್ದ ಪುಂಡಿ ಸೊಪ್ಪನ್ನೇ ಬಿಡಿಸಿ ಪಲ್ಲೆ ಮಾಡಿದಳು.

ಎಲ್ಲರೂ ರೊಟ್ಟಿ ಜೊತೆ ಕೇಳಿ ಕೇಳಿ ಹಾಕಿಸಿಕೊಂಡು ಉಂಡರು. ಖುಷಿಯಾಗಿ ಕಸ್ತೂರಿ ಒಂದು ಬಟ್ಟಲು ಪಲ್ಲೆ ಹಿಡಿದು ಮೇಲೆ ಹೋದಳು.

ಬಾಗಿಲು ತೆರೆದ ಈರಣ್ಣ ಬಟ್ಟಲು ನೋಡಿ ಹೊರಗೇ ಬಂದು ಬಾಗಿಲು ಎಳೆದುಕೊಂಡರು.

"ಒಳಗ ತರಬ್ಯಾಡವಾ ತಂಗಿ... ವಾಸನಿ ಬಂದ್ರ ಅಕಿಗೆ ಉಣ್ಣೂ ಆಸೆ ತಡಕೊಳ್ಳಾಕ ಆಗೂದಿಲ್ಲ. ಕಿಡ್ನಿ ಎರಡೂ ಹೋಗ್ಯಾವ. ಡಯಾಲಿಸಿಸ್ ಮ್ಯಾಲೆ ಅದಾಳ. ಸೊಪ್ಪು, ಟೊಮೆಟೊ ಬಾಯಿಗಿಡಬ್ಯಾಡ ಅಂದಾರ ಡಾಕ್ಟ್ರು."

ಕಸ್ತೂರಿಗೆ ಅರ್ಥವೇ ಆಗಲಿಲ್ಲ. ತಿನ್ನಲಾಗದವರು ಬೆಳೆಯುವುದು ಯಾಕೆ ಎಂದು ಕೇಳಿದಳು.

"ನೀನು ಉಂಡು ಚಲೋ ಆಗಿತ್ತು ಅಂತೀಯಲ್ಲ... ಅದನ್ನ ನೆನಸಿಕೋತ ಅಕಿ ಆ ಸಪ್ಪನ ಅನ್ನ ನಾಲ್ಕು ತುತ್ತು ಹೆಚ್ಚಿಗೆ ಉಣ್ತಾಳ."

ಕಸ್ತೂರಿ ಮೆಟ್ಟಿಲಿಳಿದು ಬಂದಳು. ನೆಂಟರೆಲ್ಲ ಏನೋ ಮಾತಾಡಿ ನಗುತ್ತಿದ್ದರು... ಅವಳಿಗೆ ಯಾವುದೂ ಕೇಳಿಸಲಿಲ್ಲ.

ಮರುದಿನ ರಜೆ ಹಾಕಿ ಟೆರೇಸ್ ಹತ್ತಿದಳು. ಮಹಾನಂದಕ್ಕ ಮೆಂತ್ಯದ ಚೀಲದ ಪಕ್ಕ ಕೂತು ಕಳೆ ತೆಗೆಯುತ್ತಿದ್ದರು. ತೋಳಿನಲ್ಲಿ ಸೂಜಿ ಚುಚ್ಚಿದ ಗಾಯಗಳು... ಇಷ್ಟು ದಿನ ಅವು ಕಣ್ಣಿಗೇ ಬಿದ್ದಿರಲಿಲ್ಲ.

"ಅಕ್ಕಾರ... ನಾ ಸುಳ್ಳು ಹೇಳೀನ್ರಿ. ನಿನ್ನೆ ಬಿಟ್ರ ಒಂದಿನಾನೂ ನಿಮ್ಮ ಪಲ್ಲೆ ಉಂಡಿಲ್ಲ. ಎಲ್ಲಾ ದನಕ್ಕ ಹಾಕೀನಿ."

ಮಹಾನಂದಕ್ಕ ಕಳೆ ಕೀಳುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತವಾ... ಇಲ್ಲಿ ನಿಂತ್ರ ಓಣಿ ಪೂರಾ ಕಾಣ್ತದ."

ಕಸ್ತೂರಿ ಅವರ ಪಕ್ಕದಲ್ಲೇ ಕೂತಳು. "ಮತ್ತ ಯಾಕ ಕೊಡ್ತಿದ್ರಿ?"

"ಸುಳ್ಳಾದ್ರೂ ಆ ಮಾತು ಕಿವಿಗೆ ಬೇಕಾಗಿತ್ತು... ಒಂದಿಲ್ಲ ಒಂದಿನ ಉಂಡು ಹೇಳ್ತಾಳ ಅಂತ ಕಾಯ್ತಿದ್ದೆ. ಈಗ ಹೇಳು, ನಿನ್ನೆ ಹೆಂಗಾಗಿತ್ತು?"

ಕಸ್ತೂರಿ ಅಳುತ್ತಲೇ ಹೇಳಿದಳು... ಹುಳಿ ಎಷ್ಟಿತ್ತು, ಬೆಳ್ಳುಳ್ಳಿ ಒಗ್ಗರಣೆ ಹೇಗೆ ಘಮ್ಮೆಂದಿತು, ಬಿಸಿ ರೊಟ್ಟಿಗೆ ಹೇಗೆ ಹೊಂದಿತು. ಮಹಾನಂದಕ್ಕ ಕಣ್ಣು ಮುಚ್ಚಿ ಕೇಳಿದರು... ಅವರ ಗಂಟಲು ಏನನ್ನೋ ನುಂಗಿದಂತೆ ಅಲುಗಿತು.

ಆಮೇಲೆ ಮಳೆಗಾಲ ಮುಗಿಯುವವರೆಗೂ ಕಸ್ತೂರಿ ಕೆಲಸದಿಂದ ಬಂದವಳೇ ಮೇಲೆ ಹೋಗಿ ಕಳೆ ಕೀಳುತ್ತಿದ್ದಳು.

ದೀಪಾವಳಿಗೆ ಮೊದಲು ಆಸ್ಪತ್ರೆಗೆ ಹೋದ ಮಹಾನಂದಕ್ಕ ಮತ್ತೆ ಮರಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಕಸ್ತೂರಿ ಟೆರೇಸಿನಲ್ಲಿ ಉಳಿದಿದ್ದ ಮೆಂತ್ಯ ಕಿತ್ತು ಪಲ್ಲೆ ಮಾಡಿ ಈರಣ್ಣನಿಗೆ ಬಡಿಸಿದಳು.

ಈರಣ್ಣ ರೊಟ್ಟಿ ಮುರಿದರು.

"ಅಕಿ ಸೊಪ್ಪು ಬಿಟ್ಟಾಗಿಂದ ನಾನೂ ಬಾಯಿಗಿಟ್ಟಿಲ್ಲ ತಂಗಿ... ಅಕಿಗೆ ಗೊತ್ತಾಗದಂಗ ಬಿಟ್ಟಿದ್ದೆ."

ಆಮೇಲೆ ಒಂದೆಲೆಯೂ ಉಳಿಯದಂತೆ ಉಂಡರು. ಕಣ್ಣೀರು ತಟ್ಟೆಗೇ ಬೀಳುತ್ತಿತ್ತು... ಒರೆಸಿಕೊಳ್ಳಲಿಲ್ಲ.

*

ಪ್ರೀತಿಯಿಂದ ಕೊಟ್ಟದ್ದನ್ನು ಪ್ರೀತಿಯಿಂದ ಉಣ್ಣುವುದೇ ಕೊಟ್ಟವರಿಗೆ ಸಲ್ಲುವ ದೊಡ್ಡ ಕೃತಜ್ಞತೆ.

ಯಾರೋ ಅಕ್ಕರೆಯಿಂದ ಕೊಟ್ಟದ್ದು ನಿಮ್ಮ ಮನೆಯ ಯಾವ ಮೂಲೆಯಲ್ಲಿ, ಇನ್ನೂ ಬಿಚ್ಚದೆ ಬಾಡುತ್ತಿದೆ?