ಒಂದು ಚಮಚ ಸುಣ್ಣ

ಕೊಂಬುಚಾ ಎಂಬ ಹುಳಿಸಿದ ಚಹಾ, ಹುಳಿ ಅಂಬಲಿ ಮನೆಯಲ್ಲೇ ಮಾಡಲು ಕಲಿಸುವ ಪುಸ್ತಕದ ಬಿಡುಗಡೆ. ಲೇಖಕಿಯ ಮನೆಯಲ್ಲಿ ಆರು ವರ್ಷ ಅಡುಗೆ ಮಾಡಿದ್ದ ಹೆಂಗಸು ಪುಸ್ತಕ ಹಿಡಿದು ನೇರ ವೇದಿಕೆ ಹತ್ತಿದಳು.

"ಈ ಅಂಬಲಿ ನಾನು ಹೇಳ್ಕೊಟ್ಟಿದ್ದು ಅಮ್ಮಾ. ನನ್ನ ಹೆಸರೆಲ್ಲಿ?"

"ಬಾಯಿಗೆ ಬಂದಂಗೆ ಮಾತಾಡ್ಬೇಡ! ಇದು ನಮ್ಮಜ್ಜಿ ಕಾಲದ್ದು. ವಾರಕ್ಕೆರಡು ಸಲ ನಾನೇ ಕೈಯಾರೆ ಮಾಡ್ತೀನಿ."

"ಹುಳಿ ಬರೋಕೆ ಇಡುವಾಗ ಒಂದು ಚಮಚ ಸುಣ್ಣ ಹಾಕ್ತೀರಾ, ಇಲ್ಲಿ ಬರೆದಿರೋ ಹಾಗೆ?"

"ಹಾಕದೇ ಇರ್ತೀನಾ? ಅದೇ ನಮ್ಮಜ್ಜಿಯ ಗುಟ್ಟು!"

ಸಭೆ ಚಪ್ಪಾಳೆ ತಟ್ಟಿತು. ಹೆಂಗಸು ಮೈಕನ್ನು ತನ್ನ ಕಡೆಗೆ ಎಳೆದುಕೊಂಡಳು.

"ಸುಣ್ಣ ಬಿದ್ರೆ ಅಂಬಲಿ ಹುಳೀನೇ ಬರಲ್ಲ. ಆವತ್ತು ಕೂತ್ಕೋ ಅಂತಾನೂ ಅನ್ನದೆ, ನನ್ನ ನಿಲ್ಲಿಸ್ಕೊಂಡೇ ಅಂಬಲಿ ಮಾಡೋದನ್ನ ಬರ್ಕೊಂಡ್ರಲ್ಲ, ಆ ಸಿಟ್ಟಿಗೆ ನಾನು ಹೇಳಿದ ಸುಳ್ಳು ಅದು."