ಕಳಸಗಿತ್ತಿಯ ನೀಟ್ ಪರೀಕ್ಷೆ

ಗಟ್ಟಿಮೇಳದ ಸದ್ದು ಅಡಗುವ ಮೊದಲೇ ಹರೀಶ್ ಕಿರಿಯ ಮಗಳು ಪ್ರೀತಿಯ ಕೈಯಿಂದ ಕಳಸ ತೆಗೆದುಕೊಂಡರು. "ನಡಿ, ಸೀರೆ ಬದಲಾಯ್ಸು. ಒಂದೂವರೆಗೆ ಗೇಟ್ ಹಾಕ್ಬುಡ್ತಾರೆ."

ಮಗಳು ಹಲ್ಲಿನ ಡಾಕ್ಟರಾಗುತ್ತೇನೆ ಅಂದ ದಿನದಿಂದ ಹರೀಶ್ ದೇವರಾಜ ಮೊಹಲ್ಲಾದ ತಮ್ಮ ಪಾತ್ರೆ ಅಂಗಡಿಯಲ್ಲಿ ಕೂತೇ ಎಲ್ಲವನ್ನೂ ವಿಚಾರಿಸಿಕೊಂಡಿದ್ದರು. ಪಿಯುಸಿಯಲ್ಲಿ ಜೀವಶಾಸ್ತ್ರ ಬಿಡುವಂತಿಲ್ಲ, ಭೌತಶಾಸ್ತ್ರ, ರಸಾಯನಶಾಸ್ತ್ರ ಜೊತೆಗಿರಬೇಕು, ಕೋಚಿಂಗ್ ಮೊದಲ ವರ್ಷದಿಂದಲೇ ಶುರುವಾಗಬೇಕು, ಮೇ ತಿಂಗಳಲ್ಲಿ ನೀಟ್. ಇಷ್ಟೆಲ್ಲ ಹೊಂದಿಸಿದ ಮಹಾರಾಯರು ಹಿರಿಯ ಮಗಳು ಸುಷ್ಮಿತಾಳ ಮದುವೆಗೆ ಮಾತ್ರ ಪಂಚಾಂಗವೊಂದನ್ನೇ ನೋಡಿದರು. ಪರೀಕ್ಷೆಯ ದಿನಾಂಕ ಬಂದಾಗ ನೋಡಿದರೆ ಎರಡೂ ಒಂದೇ ಭಾನುವಾರ! ತಂಗಿ ಇರುವಾಗ ಕಳಸಕ್ಕೆ ಬೇರೆಯವರನ್ನು ನಿಲ್ಲಿಸುವಂತಿಲ್ಲ. ಮುಹೂರ್ತ ಬೆಳಿಗ್ಗೆ, ಪರೀಕ್ಷೆ ಮಧ್ಯಾಹ್ನ ಎಂಬುದೇ ಪುಣ್ಯ. ಶ್ರೀರಾಂಪುರದ ಛತ್ರದಿಂದ ಕಡಕೊಳದ ಕಡೆಯ ಪರೀಕ್ಷಾ ಕೇಂದ್ರ ದೂರವೂ ಇರಲಿಲ್ಲ.

ಕೋಣೆಯಲ್ಲಿ ಸೀರೆ ಹೋಗಿ ಚೂಡಿದಾರ ಬಂತು. ಓಲೆ, ಸರ, ಜಡೆಯ ಹೂವು ಎಲ್ಲ ಇಳಿದವು. ಬಳೆಗಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಹಿಂದಿನ ದಿನದ ಬಳೆಶಾಸ್ತ್ರದಲ್ಲಿ, ಮದುವೆ ಬಳೆ ಬಿಗಿಯಾಗಿದ್ದರೇ ಚೆಂದ ಎಂದು ಬಳೆಗಾರ ಕೈ ಹಿಸುಕಿ ತೊಡಿಸಿದ್ದ ಹಸಿರು ಗಾಜಿನ ಬಳೆಗಳು.

"ಬಳೆ ಇದ್ರೆ ಒಳಕ್ಕೇ ಬಿಡಲ್ಲ ಅಪ್ಪಾ," ಪ್ರೀತಿಯ ಕಣ್ಣು ತುಂಬಿತು.

"ಒಡೆದಾಕ್ಬುಡಾಣ್ವಾ?"

"ಏನ್ರೀ ಯಜಮಾನ್ರೇ, ಮದ್ವೆ ಮನೇಲಿ ಆಡೋ ಮಾತಾ ಇದು?" ಬಾಗಿಲಲ್ಲಿ ಗಂಡಿನ ಸೋದರತ್ತೆ ಚಾಮುಂಡಮ್ಮ ನಿಂತಿದ್ದರು. "ಹೆಣ್ಣುಗಂಡು ಇನ್ನೂ ಹಸೆಯಿಂದ ಎದ್ದಿಲ್ಲ. ಒಡೆಯೋದಿರ್ಲಿ, ಕಳಸಗಿತ್ತಿ ಕೈಯಿಂದ ಬಳೆ ತೆಗೆಯೋದೇ ಅಪಶಕುನ."

ಬಳೆ ಜಾರಿಸಲು ಕೊಬ್ಬರಿ ಎಣ್ಣೆ ತಂದಿದ್ದ ಹೆಂಗಸರು ಅಲ್ಲೇ ನಿಂತುಬಿಟ್ಟರು. ಹರೀಶ್ ಬೀಗರ ಎದುರು ಬಾಯಿ ಬಿಟ್ಟರೆ ಹಿರಿಯಳ ಬಾಳಿಗೆ ಮೊದಲ ದಿನವೇ ಕಿರಿಕಿರಿ, ಬಿಡದಿದ್ದರೆ ಕಿರಿಯಳಿಗೆ ಒಂದು ವರ್ಷವೇ ಹೋಯಿತು. ಎರಡು ಹೆಣ್ಣುಮಕ್ಕಳ ನಡುವೆ ಸಿಕ್ಕಿಕೊಂಡ ತಂದೆಯ ಸಂಕಟ ಆ ಕ್ಷಣಕ್ಕೆ ಅವರಿಗೇ ಗೊತ್ತು.

"ಆ ಕೊಬ್ಬರಿ ಎಣ್ಣೆ ಇತ್ತ ಕೊಡಿ," ಎಂದರು ಒಳಗೆ ಬಂದ ಭಾಗ್ಯಮ್ಮ. ಹರೀಶರ ತಾಯಿ. ಗಂಡ ತೀರಿಕೊಂಡ ಮೇಲೆ ಯಾವ ಶುಭಕಾರ್ಯದಲ್ಲೂ ಮುಂದೆ ಬಂದವರಲ್ಲ. ಮೊಮ್ಮಗಳ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಸವರತೊಡಗಿದರು.

"ದೊಡ್ಡವ್ರು ನೀವೇ ಹಿಂಗ್ ಮಾಡಿದ್ರೆ ಹೆಂಗಮ್ಮ?" ಚಾಮುಂಡಮ್ಮನ ದನಿ ಸ್ವಲ್ಪ ಇಳಿದಿತ್ತು.

"ತಪ್ಪು ಬಂದ್ರೆ ನನಗೇ ಬರ್ಲಿ ಕಣಮ್ಮ. ನನ್ನವನ್ನ ಒಡೆದಾಕ್ದಾಗ ಯಾರೂ ತಪ್ಪು ಅನ್ನಲಿಲ್ಲ. ಇವಳವನ್ನ ಒಂದೂ ಒಡೀದಂಗೆ ತೆಗೀತೀನಿ, ನೋಡ್ತಾ ಇರಿ."

ನೋಡುತ್ತಲೇ ಇದ್ದರು ಎಲ್ಲರೂ. ಬಳೆಗಳು ಒಂದೊಂದಾಗಿ ಜಾರಿ ಬಂದವು, ಒಂದೂ ಬಿರುಕು ಬಿಡಲಿಲ್ಲ. ಪ್ರೀತಿ ಅಜ್ಜಿಯ ಕಾಲು ಮುಟ್ಟಿ, ಪ್ರವೇಶಪತ್ರ ಹಿಡಿದು ಓಡಿದಳು. ಹೊರಗೆ ಅವಳ ಸೋದರತ್ತೆಯ, ಅಂದರೆ ಹರೀಶರ ತಂಗಿಯ ಮಗ ಮಹದೇವು ಸ್ಕೂಟರ್ ಚಾಲೂ ಮಾಡಿಕೊಂಡೇ ನಿಂತಿದ್ದ. ಸ್ಕೂಟರಿನ ಸದ್ದು ದೂರವಾದಾಗ ಹರೀಶರ ಎದೆ ಹಗುರಾಯಿತು.

ಭಾಗ್ಯಮ್ಮನ ಮಡಿಲಲ್ಲಿ ಎಣ್ಣೆ ಹತ್ತಿದ ಬಳೆಗಳು ಉಳಿದವು. ಅವರು ಸುತ್ತ ನೋಡಿದರು. ಚಾಪೆಯ ತುಂಬ ನೆಂಟರ ಚೀಲ, ಮಕ್ಕಳ ಬಟ್ಟೆ.

"ಸಾಯಂಕಾಲ ಅವ್ಳು ಬಂದು ಮತ್ತೆ ತೊಟ್ಕೊಬೇಕಲ್ಲ, ಮಗ. ಎಲ್ಲಾದ್ರೂ ಇಟ್ರೆ ಕಳ್ದೋಯ್ತವೆ," ಎಂದು ಮಗನಿಗೆ ಹೇಳುತ್ತ, ಒಂದೊಂದನ್ನೇ ತಮ್ಮ ಬರಿಗೈಗೆ ಏರಿಸಿಕೊಂಡರು. ಸಣಕಲು ಕೈಗೆ ಸಲೀಸಾಗಿ ಹೋದವು. ಆಮೇಲೆ ಸೆರಗು ಸರಿಮಾಡಿಕೊಂಡು, ಗಲಗಲ ಸದ್ದು ಮಾಡುತ್ತಿದ್ದ ಆ ಕೈಯಲ್ಲೇ ಹಸೆಯ ಮೇಲಿದ್ದ ಸುಷ್ಮಿತಾಳಿಗೆ ಅಕ್ಷತೆ ಹಾಕಲು ಹೊರಟರು.